ಹಕ್ಕು ಸರ್ಕಾರ ಕೊಟ್ಟಿದ್ದಾ?

"ಸರ್ಕಾರ ಕೊಟ್ಟ ಹಕ್ಕನ್ನು ಸರ್ಕಾರವೇ ವಾಪಸ್ ತಗೊಂಡರೆ ಕೇಳೋರು ಯಾರು ಸಾರ್?"

ದಾವಣಗೆರೆಯ ಓದುಗರೊಬ್ಬರ ಪ್ರಶ್ನೆ. ಚಿತ್ರದುರ್ಗದಲ್ಲಿ ನಾನು ಪಾಠ ಮಾಡುವಾಗಲೂ ಪ್ರತಿ ವರ್ಷ ಇದೇ ಬರುತ್ತಿತ್ತು. ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಸುಮ್ನೆ ಬಿಡುವ ವಿಷಯ ಅಲ್ಲ ಇದು.

"ಸರ್ಕಾರ ಕೊಟ್ಟ" ಅನ್ನುವಲ್ಲೇ ತಪ್ಪಿದೆ. ರೇಷನ್ ಕಾರ್ಡ್ ಸರ್ಕಾರ ಕೊಡುತ್ತದೆ, ಬಸ್ ಪಾಸ್ ಕೊಡುತ್ತದೆ. ಬದುಕುವ ಹಕ್ಕನ್ನು ಆ ಸಾಲಿಗೆ ಸೇರಿಸಬೇಡಿ.

ಹಿಂದೆ ಹಳ್ಳಿಯಲ್ಲಿ ಕಾವಲಿಗೆ ತಳವಾರ ಇರುತ್ತಿದ್ದ. ಸುಗ್ಗಿಯಲ್ಲಿ ಕಣದಲ್ಲೇ ಅವನಿಗೆ ಆಯ, ಅಂದರೆ ಅವನ ಕೆಲಸಕ್ಕೆ ಸಲ್ಲುವ ಕಾಳಿನ ಪಾಲು, ಅಳೆದು ಕೊಡುತ್ತಿದ್ದರು. ಹೊಲ, ದನ, ಕಾಳು ಮೊದಲೇ ಇದ್ದವು. ಅವನ್ನು ಕಾಯಲಿ ಅಂತಲೇ ಅವನನ್ನು ಇಟ್ಟುಕೊಂಡದ್ದು. ಕಾಯುವವನು "ಈ ಹೊಲ ನಾನೇ ಕೊಟ್ಟದ್ದು" ಅಂದರೆ ಒಪ್ಪುತ್ತೀರಾ? ರಾಜನೀತಿಯ ಹಳೆಯ ಗ್ರಂಥ, ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಇಂಥದೇ ಕಥೆ ಇದೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಂಥ ಕಾಲಕ್ಕೆ ಬೇಸತ್ತ ಜನ ಮನುವನ್ನು ರಾಜನನ್ನಾಗಿ ಮಾಡಿಕೊಂಡು, ಬೆಳೆಯಲ್ಲಿ ಆರನೇ ಒಂದು ಪಾಲು ಕೊಡಲು ಒಪ್ಪಿದರಂತೆ.

ಎಲ್ಲ ರಾಜ್ಯಗಳೂ ಹೀಗೇ ಹುಟ್ಟಿದವು ಅನ್ನುತ್ತಿಲ್ಲ. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಹಿಡಿದದ್ದು ಜನರನ್ನು ಕೇಳಿಕೊಂಡಲ್ಲ. ಆದರೆ ಅಧಿಕಾರ ಹೇಗೆ ಬಂತು ಅನ್ನುವುದು ಬೇರೆ, ಯಾತಕ್ಕಾಗಿ ಇದೆ ಅನ್ನುವುದು ಬೇರೆ.

ಸಂವಿಧಾನದ 21ನೇ ವಿಧಿ ಓದಿ. ಕಾನೂನಿನ ಕ್ರಮ ಬಿಟ್ಟು ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಅಂತಿದೆ. "ಕೊಡುತ್ತೇವೆ" ಅನ್ನುವ ಮಾತೇ ಅಲ್ಲಿಲ್ಲ. ಇರುವುದನ್ನು ತಾನೇ ಕಸಿಯಲು ಆಗೋದು? ಮೂಲಭೂತ ಹಕ್ಕನ್ನು ಮೊಟಕು ಮಾಡುವ ಕಾನೂನು ನಿಲ್ಲುವುದಿಲ್ಲ ಅಂತ 13ನೇ ವಿಧಿ ಹೇಳುತ್ತದೆ. ಕೇಳೋರು ಯಾರು ಅಂದಿರಲ್ಲ, ನೀವೇ. 32ನೇ ವಿಧಿ ಹಿಡಿದು ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದು.

ಹಕ್ಕು ಕೊಟ್ಟದ್ದು, ವಾಪಸ್ ತಗೊಳ್ಳಬಹುದು ಅನ್ನುವ ಈ ತಪ್ಪನ್ನು ಸುಪ್ರೀಂ ಕೋರ್ಟೇ ಒಮ್ಮೆ ಮಾಡಿತ್ತು. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ವಿಚಾರಣೆಯಿಲ್ಲದೆ ಬಂಧನದಲ್ಲಿದ್ದವರು ಬಿಡುಗಡೆಗಾಗಿ ಕೋರ್ಟಿಗೆ ಬರುವಂತಿಲ್ಲ ಅಂತ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. 1978ರ 44ನೇ ತಿದ್ದುಪಡಿ ಬಂದ ಮೇಲೆ ತುರ್ತು ಪರಿಸ್ಥಿತಿಯಲ್ಲೂ 21ನೇ ವಿಧಿಯನ್ನು ಅಮಾನತು ಮಾಡುವಂತಿಲ್ಲ. 2017ರಲ್ಲಿ ಖಾಸಗಿತನದ ಹಕ್ಕಿನ ಕೇಸಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಹಳೆಯ ತೀರ್ಪನ್ನೇ ತಳ್ಳಿಹಾಕಿತು. ಜೀವ, ಸ್ವಾತಂತ್ರ್ಯ ಸಂವಿಧಾನದಿಂದ ಹುಟ್ಟಿದ್ದಲ್ಲ ಅಂತ ಬಿಡಿಸಿ ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪಾಠ ಮಾಡುವಾಗ ಆ ಹೆಸರು ಹೇಳಲು ನನಗೆ ತುಂಬಾ ಖುಷಿ.

ಹಾಗಾದರೆ ನಮ್ಮ ಕಡೆಗೆ ಸರ್ಕಾರ ಬಂದದ್ದು ಯಾವಾಗ? ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅಶೋಕನ ದಕ್ಷಿಣ ಪ್ರಾಂತ್ಯದ ಕೇಂದ್ರ ಸುವರ್ಣಗಿರಿಯಿಂದ ಇಸಿಲದ, ಅಂದರೆ ಅಲ್ಲಿದ್ದ ಹಳೆಯ ಊರಿನ, ಅಧಿಕಾರಿಗಳಿಗೆ ಬಂದ ಆದೇಶ ಅದು. ಮೊದಲು ಅವರ ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರುತ್ತದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಲ್ಲೇ ನೆಲ ಅಗೆಸಿದರು. ಅಶೋಕನ ಕಾಲಕ್ಕಿಂತ ಕೆಳಗಿನ ಪದರಗಳಲ್ಲಿ ನಯ ಮಾಡಿದ ಕಲ್ಲಿನ ಕೊಡಲಿ, ಕೈಯಲ್ಲಿ ಮಾಡಿದ ಮಡಕೆ ಸಿಕ್ಕವು. ಅಧಿಕಾರಿಗಳು ಬರುವ ಎಷ್ಟೋ ಮೊದಲೇ ಅಲ್ಲಿ ಜನ ಮನೆ ಮಾಡಿಕೊಂಡಿದ್ದರು.