ಚೀಲದ ಹುಳು, ತೋಟದ ಹುಳು

"ಮೂರು ಚೀಲ ಎರೆಹುಳ ತಂದು ಮರದ ಬುಡಕ್ಕೆ ಬಿಟ್ಟಿದ್ದೆ. ಈಗ ಕೆದಕಿ ನೋಡಿದ್ರೆ ಒಂದೂ ಇಲ್ಲ ಮಾರಾಯ್ರೆ!" ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಫೋನಿನಲ್ಲಿ ಹೀಗೆಂದಾಗ ನನಗೆ ನಗಲಾಗಲಿಲ್ಲ. ಮಣ್ಣು ಪರೀಕ್ಷೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಸಲಹೆಯನ್ನು ನಾನೂ ನಾಲ್ಕಾರು ಜನಕ್ಕೆ ಕೊಟ್ಟಿದ್ದೆ.

ತಪ್ಪು ಹುಳುವಿನದ್ದಲ್ಲ. ಚೀಲದಲ್ಲಿ ಬರುವುದು ಸಾಮಾನ್ಯವಾಗಿ ಆಫ್ರಿಕಾ ಮೂಲದ ಯೂಡ್ರಿಲಸ್, ಇಲ್ಲವೇ ಯುರೋಪಿನ ಐಸೀನಿಯಾ. ಎರಡೂ ಮಣ್ಣಿನ ಮೇಲಿನ ಕೊಳೆತ ಎಲೆ, ಸಗಣಿಯಲ್ಲಿ ಬದುಕುವಂಥವು. ಬರೀ ಮಣ್ಣು ಅವಕ್ಕೆ ಊಟವಲ್ಲ. ಕೊಟ್ಟಿಗೆ ಪಕ್ಕದ ಗೊಬ್ಬರದ ತೊಟ್ಟಿಯಲ್ಲಿ ಬಿಟ್ಟರೆ ಸೊಗಸಾಗಿ ದುಡಿಯುತ್ತವೆ. ಬೋಳು ಬುಡಕ್ಕೆ ಸುರಿದರೆ ಇರುವೆಗೂ ಕೋಳಿಗೂ ಹಬ್ಬ.

ನಮ್ಮ ನಾಡಿನದೇ ಪೆರಿಯಾನಿಕ್ಸ್ ಕೂಡ ಮೇಲಂತಸ್ತಿನದ್ದೇ. ಬಿಸಿಲಿಗೆ ಹಿಡಿದರೆ ಮೈ ನೇರಳೆ ಬಣ್ಣಕ್ಕೆ ಮಿನುಗುತ್ತದೆ, ಮುಟ್ಟಿದರೆ ಹಾವಿನಂತೆ ಹೊರಳಾಡುತ್ತದೆ. ಮಳೆ ಹೊಡೆದ ರಾತ್ರಿ ತೊಟ್ಟಿ ಬಿಟ್ಟು ಸಾಲುಸಾಲಾಗಿ ಗೋಡೆ ಹತ್ತಿ ಹೊರಡುವ ಚಾಳಿ ಇದಕ್ಕಿದೆ.

ತೋಟದ ನಿಜವಾದ ಆಳುಗಳು ಇರುವುದು ಒಂದು ಅಂತಸ್ತು ಕೆಳಗೆ. ಮಾಸಲು ಬಣ್ಣ, ಮಣ್ಣನ್ನೇ ತಿಂದು ಮಣ್ಣನ್ನೇ ಹಾಕುತ್ತವೆ, ಅಡ್ಡಡ್ಡ ಬಿಲ ಕೊರೆಯುತ್ತವೆ. ಇವುಗಳಲ್ಲಿ ಹಾರೆ ಹಾಕಿದಲ್ಲೆಲ್ಲ ಸಿಗುವ ಪಾಂಟೊಸ್ಕೋಲೆಕ್ಸ್ ಕೂಡ ಮೂಲದಲ್ಲಿ ದಕ್ಷಿಣ ಅಮೆರಿಕದ್ದು. ಯಾವುದೋ ಕಾಲದಲ್ಲಿ ಗಿಡದ ಬೇರಿನ ಮಣ್ಣಿಗೆ ಅಂಟಿಕೊಂಡು ಬಂದಿರಬೇಕು. ಬಾಲದ ಕಡೆ ಬೆರಳು ಸವರಿದರೆ ಸಣ್ಣಗೆ ತರಿತರಿಯಾಗುತ್ತದೆ. ಅಲ್ಲಿ ಮುಳ್ಳಿನಂಥ ರೋಮಗಳಿವೆ. ಮೂರನೆಯ ಬಗೆಯವು ನೇರ ಕೆಳಕ್ಕೆ ಬಿಲ ತೋಡಿ, ರಾತ್ರಿ ಮೇಲೆ ಬಂದು ಎಲೆ ಎಳೆದುಕೊಂಡು ಹೋಗುವವು. ಯುರೋಪಿನವರ ಬರಹದಲ್ಲಿ ಅವುಗಳದ್ದೇ ದರ್ಬಾರು, ನನ್ನ ಗುಂಡಿಗಳಲ್ಲಿ ಕಂಡದ್ದು ಅಪರೂಪ.

ಬೇಸಿಗೆಯಲ್ಲಿ ಇವೆಲ್ಲ ಎಲ್ಲಿ ಹೋಗುತ್ತವೆ? ಒಂದು ಏಪ್ರಿಲ್‌ನಲ್ಲಿ ಸಾಗರ ಪಟ್ಟಣದ ಬಳಿ ಗುಂಡಿ ತೆಗೆಸುವಾಗ ಎರಡಡಿ ಆಳದಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಮಣ್ಣಿನ ಉಂಡೆಯೊಂದು ಸಿಕ್ಕಿತು. ಒಡೆದರೆ ಒಳಗೋಡೆ ನುಣ್ಣಗೆ, ಲೋಳೆ ಸಾರಿಸಿದಂತೆ. ನಡುವೆ ಹುಳು ತನ್ನನ್ನೇ ಗಂಟು ಹಾಕಿಕೊಂಡು ಮಲಗಿತ್ತು. ಸತ್ತಿದೆ ಎಂದ ಕೆಲಸದವನು ಅಂಗೈಗೆ ನಾಲ್ಕು ಹನಿ ನೀರು ಹಾಕಿಕೊಂಡು ಕಾದ. ಸ್ವಲ್ಪ ಹೊತ್ತಿಗೆ ಗಂಟು ಸಡಿಲಾಯಿತು.

"ಇದೂ ಎರೆಹುಳುವೇ?" ಎಂದು ಮಳೆಗಾಲದಲ್ಲಿ ವಾಟ್ಸಾಪ್‌ಗೆ ಬರುವ ಫೋಟೋಗಳ ಕಥೆಯೇ ಬೇರೆ. ಆರು ಕಾಲಿರುವ, ಬಿಳಿಯ, ಮುರುಟಿಕೊಂಡ ಬೇರುಹುಳು ಎರೆಹುಳುವಿನ ನೆಂಟನೇ ಅಲ್ಲ, ದುಂಬಿಯ ಮರಿ; ಅಡಿಕೆಯ ಬೇರು ತಿನ್ನುವುದು ಅದೇ. ನಿಜವಾದ ನೆಂಟ ಬೇಕಿದ್ದರೆ ಆಗುಂಬೆ ಕಾಡಲ್ಲಿ ಕಾಲಿಗೆ ಹತ್ತುವ ಉಂಬಳ, ಅಂದರೆ ಜಿಗಣೆ ಇದೆ. ಎಲ್ಲರನ್ನೂ ಬೆಚ್ಚಿಬೀಳಿಸುವುದು ಮಾತ್ರ ಗುದ್ದಲಿತಲೆಯ ಚಪ್ಪಟೆ ಹುಳು. ಅದು ಎರೆಹುಳುವನ್ನೇ ಬೇಟೆಯಾಡಿ ತಿನ್ನುತ್ತದೆ. ಕತ್ತಿಯಲ್ಲಿ ಕಡಿದು ಬಿಸಾಕಬೇಡಿ, ಒಂದೊಂದು ತುಂಡೂ ಒಂದೊಂದು ಹುಳುವಾಗಬಹುದು. ತಮಾಷೆಯೆಂದರೆ ಎರೆಹುಳುವಿನ ಬಗ್ಗೆ ಜನ ನಂಬಿರುವುದೂ ಇದನ್ನೇ. ಅಲ್ಲಿ ಆ ಮಾತು ಸುಳ್ಳು: ಎರಡು ತುಂಡು ಮಾಡಿದರೆ ತಲೆಯ ಭಾಗ ಉಳಿದರೂ ಉಳಿದೀತು, ಬಾಲ ಸಾಯುತ್ತದೆ.

ಇನ್ನು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ. ಕೊಳೆರೋಗಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅದಿಲ್ಲದೆ ಮಲೆನಾಡಿನ ಮಳೆಯಲ್ಲಿ ಅಡಿಕೆ ಉಳಿಯುವುದಿಲ್ಲ, ಬಿಡಿ ಎನ್ನಲಾರೆ. ಆದರೆ ಮೈಲುತುತ್ತದಲ್ಲಿರುವ ತಾಮ್ರ ಕರಗಿ ಮಾಯವಾಗುವ ವಸ್ತುವಲ್ಲ, ವರ್ಷವರ್ಷ ಮೇಲ್ಮಣ್ಣಿನಲ್ಲೇ ಕೂರುತ್ತದೆ, ಹೆಚ್ಚಾದರೆ ಎರೆಹುಳುವಿಗೆ ವಿಷ. ಉಳಿದ ದ್ರಾವಣವನ್ನು ಮರದ ಬುಡಕ್ಕೆ ಚೆಲ್ಲುವ ಅಭ್ಯಾಸವನ್ನಾದರೂ ಬಿಡಬಹುದು.

ಫೋನ್ ಮಾಡಿದವರಿಗೆ ಹೇಳಿದ್ದಿಷ್ಟೆ: ಮುಂದಿನ ಸಲ ಹುಳು ತಂದರೆ ತೊಟ್ಟಿಗೆ ಹಾಕಿ, ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ಹೊದೆಸಿ. ಸೆಪ್ಟೆಂಬರಿನಲ್ಲಿ ಅವರಲ್ಲಿಗೇ ಹೋಗಿ ಒಂದಡಿ ಗುಂಡಿ ಎರಡು ತೆಗೆದೆವು. ಸೊಪ್ಪು ಹೊದೆಸಿದ ಕಡೆ ಬೊಗಸೆ ತುಂಬ ಮಾಸಲು ಹುಳು. ಬೋಳು ಬಿಟ್ಟ ಸಾಲಿನಲ್ಲಿ ಹುಡುಕಿದರೂ ಒಂದೆರಡು. ಅವರು ಬೊಗಸೆಯನ್ನೇ ಸ್ವಲ್ಪ ಹೊತ್ತು ನೋಡಿ, "ಇವಕ್ಕೆ ನಾನು ದುಡ್ಡು ಕೊಟ್ಟೇ ಇಲ್ವಲ್ಲ" ಎಂದರು.