ಹೊಸ ಬಾಡಿ ಶೆಲ್ ಹಳೇದರಷ್ಟು ಗಟ್ಟಿ ಇರುತ್ತಾ?

ಪ್ರಶ್ನೆ: ನಮ್ಮ ಮಾವನವರ ಎಂಜಿಬಿ, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಮುಲುಂಡಿನ ಮನೆಯಲ್ಲಿ ನಿಂತಿದೆ. ತಳವೆಲ್ಲ ತುಕ್ಕು. ಇಂಗ್ಲೆಂಡಿನಿಂದ ಹೊಸ ಬಾಡಿ ಶೆಲ್, ಅಂದರೆ ಎಂಜಿನ್, ಚಕ್ರ, ಸೀಟು ಏನೂ ಇಲ್ಲದ ಬರೀ ತಗಡಿನ ಮೈ, ತರಿಸಬಹುದು ಅಂತಾರೆ. ಆದರೆ ಹಳೇ ತಗಡಿನ ಗಟ್ಟಿತನ ಹೊಸದಕ್ಕೆ ಬರುತ್ತಾ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟೆನೋ ಲೆಕ್ಕ ಇಟ್ಟಿಲ್ಲ. ಮಾಟುಂಗಾದಲ್ಲಿ ಕಾಫಿಗೆ ಕೂತರೂ ಇದೇ, ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಇದೇ. ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಒಳ್ಳೆ ಕಡೆ ಮಾಡಿದ ಶೆಲ್ ಆದರೆ ಗಟ್ಟಿತನದಲ್ಲಿ ಹಳೇದಕ್ಕಿಂತ ಕಡಿಮೆ ಇರುವುದಿಲ್ಲ. ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಫಿಟ್ಟಿಂಗ್ ಬಗ್ಗೆ.

ಈಗ ಆ ನಂಬಿಕೆಗೆ ಬರೋಣ. "ಆಗಿನ ತಗಡು ದಪ್ಪ, ಈಗಿನದು ಕಾಗದ." ಇದನ್ನು ಹೇಳುವವರು ಸಾಮಾನ್ಯವಾಗಿ ಹಳೇ ಪ್ರೀಮಿಯರ್ ಪದ್ಮಿನಿ ಕಾರಿನ ಬಾಗಿಲು ತಟ್ಟಿ ತೋರಿಸುತ್ತಾರೆ. ಧಬ್ ಅನ್ನುತ್ತದೆ. ನೋಡಿ ಸ್ವಾಮಿ, ಎಷ್ಟು ಗಟ್ಟಿ!

ಘಾಟ್ಕೋಪರಿನ ಒಂದು ಗ್ಯಾರೇಜಿನಲ್ಲಿ ಅಂಥದ್ದೇ ಒಂದು ಬಾಗಿಲಿಗೆ ನಾನು ಮ್ಯಾಗ್ನೆಟ್ ಹಿಡಿದೆ. ಅಂಟಲಿಲ್ಲ, ಜಾರಿ ಬಿತ್ತು. ಹೀಟ್ ಗನ್ ಹಿಡಿದು ಕೆರೆಸಿದೆವು. ಮೇಲೆ ಕಪ್ಪು, ಅದರಡಿ ಕ್ರೀಮ್, ಅದರಡಿ ಹಸಿರು, ಆಮೇಲೆ ಪುಟ್ಟಿ. ಐದು ಮಿಲಿಮೀಟರ್ ಪುಟ್ಟಿ! ಕೊನೆಗೆ ಸಿಕ್ಕ ಬರೀ ತಗಡಿಗೆ ಮೈಕ್ರೋಮೀಟರ್ ಇಟ್ಟರೆ 0.88 ಮಿಲಿಮೀಟರ್. ಪಕ್ಕದಲ್ಲೇ ಬಿಚ್ಚದೆ ಇಟ್ಟಿದ್ದ ಹೊಸ ಫೆಂಡರ್ ಅಳೆದೆವು. 0.9. ಧಬ್ ಅಂದದ್ದು ಪುಟ್ಟಿ, ತಗಡಲ್ಲ.

ಅಳತೆ ಬೇಡ ಅಂದರೆ ತೂಕ ನೋಡಿ. ಕುರ್ಲಾದಲ್ಲಿ ತಯಾರಾಗುತ್ತಿದ್ದ ಪದ್ಮಿನಿ ಸುಮಾರು 900 ಕಿಲೋ ಗಾಡಿ. ಇವತ್ತಿನ ಚಿಕ್ಕ ಹ್ಯಾಚ್‌ಬ್ಯಾಕ್ ಕೂಡ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಆ ದಪ್ಪ ತಗಡು ಇದ್ದಿದ್ದರೆ ತೂಕದಲ್ಲಿ ಕಾಣಬೇಕಿತ್ತು, ಅಲ್ವಾ?

ಹಾಗಾದರೆ ಹಳೇ ಕಾರು ಕೈಗೆ ಗಟ್ಟಿ ಅನಿಸುವುದು ಯಾಕೆ? ಅದರ ಉಬ್ಬುತಗ್ಗುಗಳಿಂದ. ಚಪ್ಪಟೆ ತಗಡನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ. ಅದೇ ತಗಡನ್ನು ಬಾಣಲೆಯ ಹಾಗೆ ಬಾಗಿಸಿ ಒತ್ತಿ ನೋಡಿ, ಜಗ್ಗುವುದಿಲ್ಲ. ಆ ಉಬ್ಬನ್ನು ಸರಿಯಾಗಿ ಒತ್ತಿದ ಹೊಸ ಶೆಲ್ಲಿಗೂ ಅದೇ ಗಟ್ಟಿತನ ಬರುತ್ತದೆ.

ತುಕ್ಕಿನ ವಿಷಯದಲ್ಲಂತೂ ಹಳೇದೇ ಸೋಲುತ್ತದೆ. ಬಾಗಿಲಿನ ಕೆಳಗೆ ಉದ್ದಕ್ಕೂ ಪೆಟ್ಟಿಗೆಯಂಥ ಒಂದು ಭಾಗ ಇದೆ, ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಅನ್ನುವುದು. ಆ ಕಾಲದ ಎಷ್ಟೋ ಕಾರುಗಳಲ್ಲಿ ಅದರ ಒಳಗೋಡೆಗೆ ಸರಿಯಾಗಿ ಬಣ್ಣವೇ ತಾಗಿರುವುದಿಲ್ಲ. ನಮ್ಮ ಮುಂಬೈ ಮಳೆ, ಉಪ್ಪಿನ ಗಾಳಿ, ಮಣ್ಣು ಕಟ್ಟಿದ ನೀರಿನ ತೂತು, ಇಷ್ಟು ಸಾಕು. ಒಳಗಿನಿಂದ ತಿನ್ನುತ್ತಾ ಬರುತ್ತದೆ. ಈಗಿನ ಒಳ್ಳೆ ಶೆಲ್ಲನ್ನು ಪ್ರೈಮರ್ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ, ಕರೆಂಟ್ ಹಾಯಿಸಿ ಬಣ್ಣ ಹಿಡಿಸುತ್ತಾರೆ. ಬ್ರಶ್ಶಾಗಲೀ ಗನ್ನಾಗಲೀ ತಲುಪದ ಸಂದಿಗೂ ಅದು ಹೋಗುತ್ತದೆ.

ನಿಮ್ಮ ಎಂಜಿಬಿ ವಿಷಯದಲ್ಲಿ ಇನ್ನೂ ಒಂದು ಅನುಕೂಲ ಇದೆ. ಆ ಕಾರಿನ ಉತ್ಪಾದನೆ 1980ರಲ್ಲಿ ನಿಂತಿತು. ಹಳೇ ಬ್ರಿಟಿಷ್ ಕಾರುಗಳ ಭಾಗ ಮಾಡುವ ಬ್ರಿಟಿಷ್ ಮೋಟರ್ ಹೆರಿಟೇಜ್ ಕಂಪನಿಯವರು ತಗಡು ಒತ್ತುವ ಹಳೇ ಅಚ್ಚುಗಳನ್ನೇ ಹುಡುಕಿ ತಂದು 1988ರಲ್ಲಿ ಶೆಲ್ ಒತ್ತಲು ಶುರು ಮಾಡಿದರು. ಆಮೇಲೆ 1992ರಲ್ಲಿ ರೋವರ್ ಕಂಪನಿ ಎಂಜಿ ಆರ್‌ವಿ8 ಅಂತ ಹೊಸ ಕಾರು ಬಿಟ್ಟಾಗ, ಅದರ ಬಾಡಿಯನ್ನು ಕಟ್ಟಿದ್ದೂ ಇದೇ ಹೆರಿಟೇಜ್‌ನವರು. ಸುಮಾರು 2,000 ಕಾರು ತಯಾರಾದವು, ಹೆಚ್ಚಿನವು ಜಪಾನಿಗೆ ಹೋದವು. ಕಾರು ಕಂಪನಿಯೇ ನಂಬಿ ಹೊಸ ಗಾಡಿ ಕಟ್ಟಿದ ಕೆಲಸ ಇದು. ಅದನ್ನು ಕಾಗದ ಅನ್ನಬೇಡಿ. ಅಮೆರಿಕದ ಮಸ್ಟಾಂಗ್, ಕಮಾರೋ ಶೆಲ್ಲುಗಳ ಕಥೆ ಬೇರೆ. ಡೈನಾಕಾರ್ನ್ ಅನ್ನುವ ಕಂಪನಿಯವರು ಅವಕ್ಕೆ ಹೊಸದಾಗಿ ಅಚ್ಚು ಮಾಡಿಸಿದರು. ಅಲ್ಲಿ ಅಂಚು, ಮೂಲೆಗಳನ್ನು ಇನ್ನೂ ಹುಷಾರಾಗಿ ನೋಡಬೇಕು.

ಈಗ ಫಿಟ್ಟಿಂಗ್. ಹಳೇ ಅಚ್ಚು ಸವೆದಿರುತ್ತದೆ. ಬಾನೆಟ್ಟಿನ ಸಂದು ಒಂದು ಕಡೆ 3 ಮಿಲಿಮೀಟರ್ ಇದ್ದರೆ ಇನ್ನೊಂದು ಕಡೆ 6 ಇರಬಹುದು. ಟ್ರಿಮ್ಮಿನ (ಅಲಂಕಾರದ ಪಟ್ಟಿಗಳ) ತೂತು ಇರುವುದೇ ಇಲ್ಲ, ಇಲ್ಲಾ ಬೇರೆ ವರ್ಷದ ಮಾಡೆಲ್‌ಗೆ ತಕ್ಕಂತೆ ಇರುತ್ತದೆ. ಆ ಕಾಲದ ಫ್ಯಾಕ್ಟರಿಯಲ್ಲೂ ಬಾಗಿಲು ಕೂರಿಸಲು ಕೈಕೆಲಸ ಮಾಡುತ್ತಿದ್ದರು, ಕೀಲು ಮುಚ್ಚಲು ಸೀಸ ತುಂಬುತ್ತಿದ್ದರು. ಇಲ್ಲಿ ಮಾತ್ರ ಶೆಲ್ ಬಂದ ವಾರವೇ ಪೇಂಟ್ ಬೂತಿಗೆ ಓಡಿಸುತ್ತಾರೆ. ಆಮೇಲೆ ಗಾಜು ಕೂರುವುದಿಲ್ಲ, ಹೊಸ ಬಣ್ಣದ ಮೇಲೆ ಸುತ್ತಿಗೆ ಬೀಳುತ್ತದೆ. ದಯವಿಟ್ಟು ಬಾಗಿಲು, ಬಾನೆಟ್, ಡಿಕ್ಕಿ, ಮುಂದಿನ ಗಾಜು, ಬಂಪರ್ ಎಲ್ಲವನ್ನೂ ಪ್ರೈಮರ್ ಮೇಲೇ ಒಮ್ಮೆ ಕೂರಿಸಿ ನೋಡಿ. ಒಬ್ಬ ಒಳ್ಳೆ ಡೆಂಟರಿಗೆ ವಾರಗಟ್ಟಲೆ ಕೆಲಸ ಇದು. ಆ ಕೂಲಿಗೆ ಚೌಕಾಸಿ ಮಾಡಬೇಡಿ.

ನೀವು ಕೇಳದೇ ಬಿಟ್ಟ ಇನ್ನೊಂದು ಮಾತು ಇದೆ. ಎಂಜಿಬಿಗೆ ಪ್ರತ್ಯೇಕ ಚಾಸಿ, ಅಂದರೆ ಗಾಡಿ ಹೊರುವ ಅಡಿಚೌಕಟ್ಟು ಇಲ್ಲ, ಬಾಡಿಯೇ ಚಾಸಿ. ಹಳೇ ಬಾಡಿ ಗುಜರಿಗೆ ಹೋದರೆ ಆರ್‌ಸಿಯಲ್ಲಿರುವ ಚಾಸಿ ನಂಬರಿನ ಗತಿ ಏನು? ಕೆಲವರು ಹಳೇ ನಂಬರಿನ ತುಂಡು ಕತ್ತರಿಸಿ ಹೊಸ ಶೆಲ್ಲಿಗೆ ವೆಲ್ಡ್ ಮಾಡಿಬಿಡುತ್ತಾರೆ. ಕದ್ದ ಗಾಡಿಗೆ ಮಾಡುವ ಕೆಲಸವೂ ಇದೇ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ನಿಮ್ಮ ಒಳ್ಳೆ ಉದ್ದೇಶವನ್ನು ಯಾರೂ ಕೇಳುವುದಿಲ್ಲ.

50 ವರ್ಷ ದಾಟಿದ ಗಾಡಿಗೆ 2021ರಿಂದ 'ವಿಎ' ಸರಣಿಯ ವಿಂಟೇಜ್ ನಂಬರ್ ಸಿಗುತ್ತದೆ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ದೊಡ್ಡ ಬದಲಾವಣೆ ಆಗಿರಬಾರದು ಅನ್ನುತ್ತದೆ ನಿಯಮ. ಪೂರ್ತಿ ಶೆಲ್ ಬದಲಿಸಿದವರು ಸಿಲುಕುವುದು ಇಲ್ಲೇ. ಹಾಗಾಗಿ ಆರ್ಡರ್ ಕೊಡುವ ಮೊದಲು ಆರ್‌ಸಿ ಹಿಡಿದು ಆರ್‌ಟಿಓಗೆ ಹೋಗಿ, ಅರ್ಜಿ ಬರೆದು, ಉತ್ತರವನ್ನೂ ಬರಹದಲ್ಲೇ ತೆಗೆದುಕೊಳ್ಳಿ. ಅಷ್ಟರೊಳಗೆ ಕಾರನ್ನು ಜ್ಯಾಕ್ ಮೇಲೆ ಎತ್ತಿ ತಳಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಫ್ಲೋರ್ ಮತ್ತು ರನ್ನಿಂಗ್ ಬೋರ್ಡ್ ಬಿಟ್ಟು ಬೇರೆಲ್ಲೂ ಒಳಗೆ ಇಳಿಯದಿದ್ದರೆ ನಿಮಗೆ ಬೇಕಾದ್ದು ನಾಲ್ಕು ಬಿಡಿ ಪ್ಯಾನೆಲ್ ಮಾತ್ರ. ಶೆಲ್ ಬೇಕಾಗಿಯೇ ಇಲ್ಲ.