ಬರಿದಾದ ಸಬ್‌ಮರೀನ್‌ಗೆ ಅಸಲಿ ಸಾಮಾನು ಹುಡುಕಿದ ಕಥೆ

ಯು-505 ಮುಳುಗದೆ ಉಳಿದದ್ದು ಒಂದು ಮುಚ್ಚಳದಿಂದ.

1944ರ ಜೂನ್ 4. ಆಫ್ರಿಕಾದ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ ಅಮೆರಿಕದ ನೌಕಾಪಡೆಯ ತಂಡವೊಂದು ಈ ಜರ್ಮನ್ ಸಬ್‌ಮರೀನಿನ ಮೇಲೆ ದಾಳಿ ಮಾಡಿತು. ಅದು ನೀರಿನ ಮೇಲೆ ಬರಲೇಬೇಕಾಯಿತು. ಹಡಗು ಶತ್ರುವಿನ ಕೈಗೆ ಸಿಗಬಾರದೆಂದು ಜರ್ಮನ್ ನಾವಿಕರು ಒಳಗೆ ನೀರು ಬಿಟ್ಟು ಸಮುದ್ರಕ್ಕೆ ಹಾರಿದರು. ಸಣ್ಣ ದೋಣಿಯಲ್ಲಿ ಬಂದ ಕೆಲವೇ ಅಮೆರಿಕನ್ನರು ಮುಳುಗುತ್ತಿದ್ದ ಹಡಗಿನೊಳಕ್ಕೆ ಇಳಿದರು. ಅವರಲ್ಲೊಬ್ಬ ಝೆನನ್ ಲುಕೋಸಿಯಸ್. ಸಮುದ್ರದ ನೀರನ್ನು ಸೋಸುವ ಸಾಧನವೊಂದರ ಮುಚ್ಚಳ ತೆಗೆದಿದ್ದು ಅವನ ಕಣ್ಣಿಗೆ ಬಿತ್ತು. ನೀರು ಅಲ್ಲಿಂದಲೇ ನುಗ್ಗುತ್ತಿತ್ತು. ಮುಚ್ಚಳ ಹತ್ತಿರದಲ್ಲೇ ಸಿಕ್ಕಿತು. ಎತ್ತಿ ಕೂರಿಸಿ ಬಿಗಿದ. ನೀರು ನಿಂತಿತು.

ಆ ಮುಚ್ಚಳ ಅಲ್ಲಿ ಸಿಗದಿದ್ದರೆ ಇವತ್ತು ಷಿಕಾಗೋದ ಮ್ಯೂಸಿಯಂನಲ್ಲಿ ಯು-505 ಇರುತ್ತಿರಲಿಲ್ಲ. ಆದರೆ ಹತ್ತು ವರ್ಷದ ನಂತರ ಅದೇ ಹಡಗು ಷಿಕಾಗೋಗೆ ಬಂದಾಗ ಅದರ ಹೊಟ್ಟೆ ಹೆಚ್ಚುಕಡಿಮೆ ಖಾಲಿ! ಬಿಚ್ಚಲು ಬರುವಂಥದ್ದನ್ನೆಲ್ಲ ಯಾರೋ ಬಿಚ್ಚಿಕೊಂಡಿದ್ದರು.

ಯಾಕೆ ಹೀಗಾಯಿತು ಎಂದು ನೋಡಿದರೆ, ಮ್ಯೂಸಿಯಂ ಸಬ್‌ಮರೀನ್‌ಗಳನ್ನು ನೋಡಿಕೊಳ್ಳುವವರ ಇಂದಿನ ಕಷ್ಟವೂ ಅರ್ಥವಾಗುತ್ತದೆ. ಅವರಿಗೆ ಹಣದ ಕೊರತೆ ಇದ್ದೇ ಇದೆ. ತುಕ್ಕಿನ ಕಾಟವೂ ಇದೆ. ಆದರೆ ಹಣ ಕೊಟ್ಟರೂ ಸಿಗದ ವಸ್ತುವೆಂದರೆ ಆ ಕಾಲದ ಅಸಲಿ ಸಾಮಾನು. ಒಂದು ಗೇಜ್, ಒಂದು ವಾಲ್ವಿನ ಚಕ್ರ, ಒಂದು ದೀಪದ ಕವಚ, ನಾವಿಕ ಮಲಗುತ್ತಿದ್ದ ಒಂದು ಬಂಕ್.

ಯು-505 ಸಿಕ್ಕಿದ್ದನ್ನು ಅಮೆರಿಕ ಗುಟ್ಟಾಗಿ ಇಟ್ಟಿತು. ಒಳಗೆ ಸಂದೇಶಗಳನ್ನು ಗುಪ್ತ ಸಂಕೇತಕ್ಕೆ ತಿರುಗಿಸುವ ಎರಡು ಎನಿಗ್ಮಾ ಯಂತ್ರಗಳೂ ಸಂಕೇತ ಪುಸ್ತಕಗಳೂ ಸಿಕ್ಕಿದ್ದವು. ವಿಷಯ ಜರ್ಮನಿಗೆ ತಿಳಿದರೆ ಅವರು ಸಂಕೇತಗಳನ್ನು ಬದಲಿಸುತ್ತಿದ್ದರು. ಹಡಗನ್ನು ಎಳೆದು ಬರ್ಮುಡಾಕ್ಕೆ ತಂದರು, ಇಂಚಿಂಚೂ ಪರೀಕ್ಷೆ ಮಾಡಿದರು. ಯುದ್ಧ ಮುಗಿದ ಮೇಲೆ ಅದು ಅಮೆರಿಕದ ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ನಿಂತಿತು. ಅಲ್ಲಿ ಅದರ ಭಾಗಗಳು ಒಂದೊಂದಾಗಿ ಹೊರಬಂದವು. ಕೊನೆಗೆ ಉಳಿದ ಕವಚವನ್ನು ಸಮುದ್ರದಲ್ಲಿ ಗುರಿ ಅಭ್ಯಾಸಕ್ಕೆ ಬಳಸಿ ಮುಳುಗಿಸುವುದು ನೌಕಾಪಡೆಯ ಯೋಚನೆಯಾಗಿತ್ತು.

ಇದನ್ನು ದುಷ್ಟತನ ಎನ್ನಲು ಬರುವುದಿಲ್ಲ. ನೌಕಾಪಡೆಗೆ ನಿವೃತ್ತ ಹಡಗು ಅಂದರೆ ಬಿಡಿಭಾಗಗಳ ಗೋದಾಮು. ಕೆಲಸದಲ್ಲಿರುವ ಇನ್ನೊಂದು ಹಡಗಿಗೆ ಪಂಪ್ ಬೇಕು ಅಂದರೆ ಇಲ್ಲಿಂದ ಬಿಚ್ಚಿಕೊಡುತ್ತಾರೆ. ಎಲ್ಲ ದೇಶಗಳಲ್ಲೂ ಹೀಗೇ. ಮುಂದೊಂದು ದಿನ ಇದನ್ನು ಮಕ್ಕಳು ಸಾಲುಗಟ್ಟಿ ನೋಡಲು ಬರುತ್ತಾರೆ ಎಂದು ಸ್ಪ್ಯಾನರ್ ಹಿಡಿದು ಬಂದವನಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಯು-505 ಅನ್ನು ಹಿಡಿದ ತಂಡದ ಮುಖ್ಯಸ್ಥ ಡೇನಿಯಲ್ ಗ್ಯಾಲರಿ ಷಿಕಾಗೋದವರು. ಅವರ ತಮ್ಮ ಅದೇ ಊರಿನಲ್ಲಿ ಪಾದ್ರಿ. ಹಡಗನ್ನು ಮುಳುಗಿಸುತ್ತಾರೆಂಬ ಸುದ್ದಿ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಷಿಕಾಗೋದ ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಂನ ಅಧ್ಯಕ್ಷ ಲೆನಾಕ್ಸ್ ಲೋರ್ ಅವರಿಗೆ ಮುಟ್ಟಿತು. ಊರಿನ ಜನ ಎರಡೂವರೆ ಲಕ್ಷ ಡಾಲರ್ ಕೂಡಿಸಿದರು. 1954ರಲ್ಲಿ ಸೇಂಟ್ ಲಾರೆನ್ಸ್ ನದಿ, ಮಹಾಸರೋವರಗಳ ದಾರಿಯಲ್ಲಿ ಹಡಗನ್ನು ಎಳೆದು ತಂದು, ಸರೋವರದ ದಂಡೆಯ ಹೆದ್ದಾರಿ ದಾಟಿಸಿ ಮ್ಯೂಸಿಯಂ ಪಕ್ಕ ನಿಲ್ಲಿಸಿದರು. ಆ ವರ್ಷದ ಸೆಪ್ಟೆಂಬರ್ 25ರಂದು ಅದನ್ನು ಸ್ಮಾರಕವಾಗಿ ಅರ್ಪಿಸಿದರು.

ಆದರೆ ಖಾಲಿ ಕೊಳವೆಯನ್ನು ಜನಕ್ಕೆ ತೋರಿಸುವುದು ಹೇಗೆ? ಗ್ಯಾಲರಿ ಒಂದು ದಾರಿ ಹೇಳಿದರು. ಹಡಗಿಗೆ ಮೊದಲು ಭಾಗಗಳನ್ನು ಮಾಡಿಕೊಟ್ಟಿದ್ದ ಜರ್ಮನ್ ಕಂಪನಿಗಳನ್ನೇ ಕೇಳೋಣ. ಲೋರ್ ಪತ್ರ ಬರೆದರು.

ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾಗುವ ಜಾಗ ಇದು. ಯುದ್ಧ ಮುಗಿದು ಆಗ ಒಂಬತ್ತೇ ವರ್ಷ. ಗೆದ್ದವರು ಸೋತವರಿಗೆ ಪತ್ರ ಬರೆದು, ನಿಮ್ಮಿಂದ ಕಿತ್ತುಕೊಂಡ ಹಡಗಿಗೆ ಸಾಮಾನು ಕೊಡಿ ಎಂದು ಕೇಳುತ್ತಿದ್ದಾರೆ. ಕೇಳಿದ ಕಂಪನಿಗಳೆಲ್ಲ ಒಂದು ಪೈಸೆಯನ್ನೂ ಪಡೆಯದೆ ಭಾಗಗಳನ್ನು ಕಳಿಸಿಕೊಟ್ಟವು ಎಂದು ಗ್ಯಾಲರಿ ನಂತರ ಬರೆದಿದ್ದಾರೆ. ಜೊತೆಗೆ ಬಂದ ಹೆಚ್ಚಿನ ಪತ್ರಗಳ ತಾತ್ಪರ್ಯವೂ ಒಂದೇ: ನಮ್ಮ ಹಡಗು ನಿಮ್ಮ ಹತ್ತಿರ ಇದೆ ಅನ್ನುವುದು ಬೇಸರದ ವಿಷಯ, ಆದರೆ ಬಹಳ ಕಾಲ ಅಲ್ಲೇ ಇರುವುದಾದರೆ ಅದು ಜರ್ಮನ್ ತಂತ್ರಜ್ಞಾನಕ್ಕೆ ಹೆಸರು ತರುವಂತಿರಲಿ.

ಆ ಒಂಬತ್ತು ವರ್ಷ ಅನ್ನುವುದು ಮುಖ್ಯ. ಅಷ್ಟು ಹೊತ್ತಿಗೆ ಪತ್ರ ಬರೆದದ್ದರಿಂದಲೇ ಉತ್ತರ ಬಂತು. ಭಾಗ ಮಾಡಿದ ಕಂಪನಿಗಳು ಇನ್ನೂ ಇದ್ದವು, ಅದು ಏನೆಂದು ಬಲ್ಲವರೂ ಇದ್ದರು. ಇನ್ನೂ ಇಪ್ಪತ್ತು ಮೂವತ್ತು ವರ್ಷ ತಡವಾಗಿ ಕೆಲಸ ಶುರು ಮಾಡಿದವರಿಗೆ ಆ ಅನುಕೂಲ ಇರಲಿಲ್ಲ.

ಅಮೆರಿಕದ್ದೇ ಸಬ್‌ಮರೀನ್‌ಗಳ ಕಥೆ ಅದು. ಎರಡನೇ ಮಹಾಯುದ್ಧದ ನಂತರ ಅಮೆರಿಕ ತನ್ನ ಹಲವು ಸಬ್‌ಮರೀನ್‌ಗಳನ್ನು 'ಗಪ್ಪಿ' ಎಂಬ ಯೋಜನೆಯಡಿ ಮಾರ್ಪಡಿಸಿತು. ನೀರಿನಡಿ ವೇಗ ಹೆಚ್ಚಬೇಕೆಂದು ಡೆಕ್ ಮೇಲಿನ ತೋಪುಗಳನ್ನು ತೆಗೆದರು, ಹೊರರೂಪವನ್ನು ನಯ ಮಾಡಿದರು, ದೊಡ್ಡ ಬ್ಯಾಟರಿ ಇಟ್ಟರು. ಹಾಗೆ ಬದಲಾಗದೆ ಉಳಿದ ಕೆಲವು ಹಡಗುಗಳು ನೌಕಾಪಡೆಯ ಮೀಸಲು ಸಿಬ್ಬಂದಿಗೆ ಪಾಠ ಹೇಳುವ ಹಡಗುಗಳಾಗಿ ಊರೂರಿನ ದಡದಲ್ಲಿ ನಿಂತವು. ಕ್ಲೀವ್‌ಲ್ಯಾಂಡ್‌ನಲ್ಲಿ ಕಾಡ್, ಕ್ಯಾಲಿಫೋರ್ನಿಯಾದಲ್ಲಿ ಪಂಪಾನಿಟೊ, ಮಿಲ್ವಾಕಿಯಲ್ಲಿ ಕೋಬಿಯಾ. ಸುಮ್ನೆ ನಿಂತದ್ದೇ ಅವಕ್ಕೆ ವರವಾಯಿತು. ಯುದ್ಧಕಾಲದ ರೂಪ ಉಳಿಯಿತು. ಆದರೆ ಓಡಾಡದ ಹಡಗಿನಿಂದ ಭಾಗ ಬಿಚ್ಚಿಕೊಳ್ಳುವುದೂ ಸುಲಭ. 1970ರ ದಶಕದಿಂದ ಇವು ಒಂದೊಂದಾಗಿ ಮ್ಯೂಸಿಯಂ ಆಗುವ ಹೊತ್ತಿಗೆ ಎಷ್ಟೋ ಕಡೆ ಖಾಲಿ ಬ್ರಾಕೆಟ್‌ಗಳು, ಎಲ್ಲಿಗೂ ಸೇರದ ವೈರುಗಳು ಉಳಿದಿದ್ದವು.

ಮೊದಲು ಮಾಯವಾಗುವುದು ಸಣ್ಣ, ಚೆಂದದ ವಸ್ತುಗಳು. ಗೋಡೆಯ ಗಡಿಯಾರ, ಹಿತ್ತಾಳೆಯ ಫಲಕ, ಆಳ ತೋರಿಸುವ ಗೇಜ್. ಬಾಸ್ಟನ್ ಹತ್ತಿರದ ಚೆಲ್ಸಿ ಕಂಪನಿ ಅಮೆರಿಕದ ನೌಕಾಪಡೆಗೆ ಮಾಡಿಕೊಟ್ಟ ಗಡಿಯಾರಗಳಿಗೆ ಇವತ್ತೂ ಸಂಗ್ರಾಹಕರು ಒಳ್ಳೇ ಬೆಲೆ ಕೊಡುತ್ತಾರೆ. ಜೇಬಿಗೋ ಚೀಲಕ್ಕೋ ಹಿಡಿಯುವಂಥದ್ದು ಹಡಗಿನಲ್ಲಿ ಉಳಿಯುವುದು ಕಷ್ಟ. ಒಂದು ಟನ್ ತೂಗುವ ಮೋಟಾರು ಎಲ್ಲೂ ಹೋಗುವುದಿಲ್ಲ.

ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 1982ರಿಂದ ಜನರಿಗೆ ತೆರೆದಿರುವ ಪಂಪಾನಿಟೊ ಈ ಹುಡುಕಾಟವನ್ನು ತುಂಬ ಶ್ರದ್ಧೆಯಿಂದ ಮಾಡಿದ ಹಡಗುಗಳಲ್ಲಿ ಒಂದು. 1944ರ ಸೆಪ್ಟೆಂಬರ್‌ನಲ್ಲಿ ಇದೇ ಹಡಗು ಸಮುದ್ರದಲ್ಲಿ ತೇಲುತ್ತಿದ್ದ 73 ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಯುದ್ಧಕೈದಿಗಳನ್ನು ಕಾಪಾಡಿತ್ತು. ಅಲ್ಲಿನವರು ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಂಡರು: ಹಡಗನ್ನು ಯಾವ ಕಾಲಕ್ಕೆ ಹಿಂದಿರುಗಿಸಬೇಕು? ಅವರ ಆಯ್ಕೆ 1945ರ ಬೇಸಿಗೆ.

ಇದು ಸುಮ್ನೆ ಹಟದ ಮಾತಲ್ಲ. ಯುದ್ಧಕಾಲದ ಸಬ್‌ಮರೀನ್ ಪ್ರತಿ ದುರಸ್ತಿಗೂ ಬದಲಾಗುತ್ತಿತ್ತು. ರೇಡಾರ್ ಬದಲಾಯಿತು, ತೋಪು ಬದಲಾಯಿತು, ರೇಡಿಯೋ ಬದಲಾಯಿತು. 1943ರ ರೇಡಿಯೋದ ಪಕ್ಕ 1955ರ ಫೋನು ಇಟ್ಟರೆ ಎರಡೂ ಅಸಲಿಯೇ, ಆದರೆ ಆ ಕೋಣೆ ಯಾವತ್ತೂ ಹಾಗೆ ಇರಲಿಲ್ಲ. ಅಸಲಿ ವಸ್ತುಗಳನ್ನೇ ಸೇರಿಸಿ ಸುಳ್ಳು ಹೇಳಿದಂತಾಗುತ್ತದೆ. ಒಂದು ತಾರೀಖು ಗೊತ್ತು ಮಾಡಿಕೊಂಡರೆ ಮಾತ್ರ ಏನು ಹುಡುಕಬೇಕು, ಏನು ಬೇಡ ಎನ್ನುವುದು ಗೊತ್ತಾಗುತ್ತದೆ.

ಆಮೇಲೆ ಬರುವುದು ಕಾಗದದ ಕೆಲಸ. ನೌಕಾಪಡೆಯ ನಕ್ಷೆಗಳು, ಯುದ್ಧಕಾಲದ ಫೋಟೋಗಳು, ನಾವಿಕರಿಗೆ ಕೊಡುತ್ತಿದ್ದ ಕೈಪಿಡಿಗಳು. ಪಂಪಾನಿಟೊ ನೋಡಿಕೊಳ್ಳುವ ಸಂಘ ಇಂಥ ಹಳೆಯ ಕೈಪಿಡಿಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಓದಲು ಬಿಟ್ಟಿದೆ. ಇದು ಎಷ್ಟು ದೊಡ್ಡ ಉಪಕಾರ ಎನ್ನುವುದು ಬೇರೆ ಹಡಗಿನಲ್ಲಿ ಕೆಲಸ ಮಾಡುವವರಿಗೆ ಗೊತ್ತು. ಕೈಗೆ ಸಿಕ್ಕ ಹಳೇ ಪೆಟ್ಟಿಗೆಯ ಮೇಲಿನ ಸಣ್ಣ ಫಲಕದಲ್ಲಿ ಮಾದರಿಯ ಸಂಖ್ಯೆ, ತಯಾರಕರ ಹೆಸರು ಇದ್ದರೆ, ಅದು ಈ ಹಡಗಿನದೇ ಕಾಲದ್ದೋ ಅಲ್ಲವೋ ಎಂದು ಕೈಪಿಡಿ ನೋಡಿ ಹೇಳಬಹುದು. ಬಣ್ಣಕ್ಕೂ ಹೀಗೇ. ಮೂಲೆಯಲ್ಲಿ ಒಂದು ಚೂರು ಜಾಗವನ್ನು ಪದರ ಪದರವಾಗಿ ಕೆರೆದು ನೋಡುತ್ತಾರೆ. ಕೆಳಗಿನ ಪದರ ಹಳೆಯ ಬಣ್ಣ ಹೇಳುತ್ತದೆ.

ಕೆಲವು ವಸ್ತುಗಳು ಸಿಕ್ಕರೆ ಸಾಲದು, ಕೆಲಸವನ್ನೂ ಮಾಡಬೇಕು. ಪಂಪಾನಿಟೊದ ಟಾರ್ಪಿಡೋ ಲೆಕ್ಕಯಂತ್ರ ಅಂಥದ್ದು. ಗುರಿಯ ವೇಗ, ದಿಕ್ಕು, ದೂರ ಕೊಟ್ಟರೆ ಟಾರ್ಪಿಡೋ ಯಾವ ಕೋನದಲ್ಲಿ ಹೋಗಬೇಕು ಎಂದು ಗಿಯರು, ಶಾಫ್ಟು, ಮೋಟಾರುಗಳಿಂದಲೇ ಲೆಕ್ಕ ಹಾಕುತ್ತಿದ್ದ ಯಂತ್ರ ಅದು. ಎಲೆಕ್ಟ್ರಾನಿಕ್ ಕಂಪ್ಯೂಟರ್ ಬರುವ ಮೊದಲಿನದು. ಸ್ವಯಂಸೇವಕರು ಅದನ್ನು ಬಿಚ್ಚಿ, ತೊಳೆದು, ಮತ್ತೆ ನಡೆಯುವಂತೆ ಮಾಡಿದರು. ಎಂಜಿನ್‌ಗಳ ವಿಷಯದಲ್ಲಿ ಅದೃಷ್ಟ ಚೆನ್ನಾಗಿತ್ತು. ಅದರ ಫೇರ್‌ಬ್ಯಾಂಕ್ಸ್-ಮೋರ್ಸ್ ಡೀಸೆಲ್ ಎಂಜಿನ್ ವಂಶ ಯುದ್ಧದ ಜೊತೆ ಮುಗಿಯಲಿಲ್ಲ. ರೈಲು ಎಂಜಿನ್‌ಗಳಲ್ಲೂ ಬೇರೆ ಹಡಗುಗಳಲ್ಲೂ ಆಮೇಲೆ ಬಹಳ ಕಾಲ ಓಡಿತು. ಜಾಸ್ತಿ ಜಾಗದಲ್ಲಿ ಬಳಸಿದ ವಸ್ತುವಿಗೆ ಬಿಡಿಭಾಗ ಸಿಗುತ್ತದೆ. ಸಬ್‌ಮರೀನ್‌ಗೆಂದೇ ಮಾಡಿದ್ದು ಸಿಗುವುದಿಲ್ಲ.

ಜರ್ಮನಿಯಲ್ಲಿ ಇದೇ ಪ್ರಶ್ನೆ ತಿರುಗುಮುರುಗಾಗಿ ಬಂತು. ಯುದ್ಧದ ಕೊನೆಗೆ ನಾರ್ವೆಯಲ್ಲಿದ್ದ ಯು-995 ಅಲ್ಲಿಯೇ ಉಳಿದು, ಕೌರಾ ಎಂಬ ಹೆಸರಿನಲ್ಲಿ ನಾರ್ವೆ ನೌಕಾಪಡೆಯಲ್ಲಿ ಕೆಲಸ ಮಾಡಿತು. ನಂತರ ಜರ್ಮನಿಗೆ ಮರಳಿತು. ಈಗ ಕೀಲ್ ಹತ್ತಿರದ ಲಾಬೋ ಕಡಲತೀರದಲ್ಲಿದೆ. ನಾರ್ವೆಯವರು ಬದಲಿಸಿದ್ದನ್ನು ತೆಗೆದು ಯುದ್ಧಕಾಲದ ರೂಪಕ್ಕೆ ತಂದರು. ನನಗೆ ಇಲ್ಲಿ ಸ್ವಲ್ಪ ಸಂಕಟವಾಗುತ್ತದೆ. ನಾರ್ವೆಯ ನಾವಿಕರು ಅದರಲ್ಲಿ ಬಾಳಿದ ವರ್ಷಗಳೂ ಆ ಹಡಗಿನ ನಿಜವಾದ ಬದುಕೇ. ಒಂದು ಕಾಲವನ್ನು ಮರಳಿ ತರುವಾಗ ಇನ್ನೊಂದು ಕಾಲವನ್ನು ಅಳಿಸಲೇಬೇಕಾಗುತ್ತದೆ. ಕನಿಷ್ಠ ತೆಗೆದ ಭಾಗಗಳನ್ನು ಹೆಸರು ಬರೆದು ಜೋಪಾನವಾಗಿ ಎತ್ತಿಡಬೇಕು.

ಅಸಲಿ ಅಂದ ತಕ್ಷಣ ಒಳ್ಳೆಯದು ಅಂತಲೂ ಅಲ್ಲ. ಆ ಕಾಲದ ಕೆಲವು ಗೇಜ್‌ಗಳ ಮುಖದಲ್ಲಿ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹೊಳಪು ಹೋಗಿದ್ದರೂ ವಿಕಿರಣ ಹೋಗಿಲ್ಲ. ಪೈಪುಗಳ ಸುತ್ತ ಆಸ್ಬೆಸ್ಟಾಸ್ ಇದೆ. ಮಕ್ಕಳು ಓಡಾಡುವ ಜಾಗದಲ್ಲಿ ಇಂಥದ್ದನ್ನು ಇಡಲಾಗದು. ಅಲ್ಲಿ ನಕಲು ಇಟ್ಟು, ಇದು ನಕಲು ಎಂದು ಬರೆಯುವುದೇ ಸರಿ. ಮುಚ್ಚಿಟ್ಟ ನಕಲು ಮಾತ್ರ ತಪ್ಪು. ಐವತ್ತು ವರ್ಷದ ನಂತರ ಬರುವ ಸಂಶೋಧಕ ಅದನ್ನೇ ಅಸಲಿ ಎಂದು ಅಳತೆ ತೆಗೆದುಕೊಂಡು ಹೋಗುತ್ತಾನೆ.

ವಿಶಾಖಪಟ್ಟಣದ ಆರ್.ಕೆ. ಬೀಚಿನಲ್ಲಿ ಐಎನ್ಎಸ್ ಕುರ್ಸುರಾ ನೋಡಿದ ಕನ್ನಡಿಗರು ಬಹಳ ಜನ ಇದ್ದಾರೆ. ಅದು 1969ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಫಾಕ್ಸ್‌ಟ್ರಾಟ್ ಮಾದರಿಯ ಹಡಗು. 2001ರ ಫೆಬ್ರವರಿಯಲ್ಲಿ ನಿವೃತ್ತಿ, ಮರುವರ್ಷ ಆಗಸ್ಟ್‌ನಲ್ಲಿ ಜನರಿಗೆ ಪ್ರವೇಶ. ನಡುವೆ ಸುಮಾರು ಒಂದೂವರೆ ವರ್ಷ ಅಷ್ಟೆ. ಯು-505ರ ಹಾಗೆ ವರ್ಷಗಟ್ಟಲೆ ಬಿಚ್ಚಿಸಿಕೊಳ್ಳುತ್ತಾ ನಿಲ್ಲಲಿಲ್ಲ. ಒಳಗೆ ಹೋದಾಗ ಕೈಚಕ್ರಗಳೂ ಗೇಜ್‌ಗಳೂ ಮೈಗೆ ತಾಗುವಷ್ಟು ಒತ್ತಾಗಿ ಕಾಣುತ್ತವಲ್ಲ, ಅದರ ಬೆಲೆ ದೊಡ್ಡದು. ಇದೇ ಮಾದರಿಯ ಬಿ-39 ಬಹಳ ವರ್ಷ ಸ್ಯಾನ್ ಡಿಯೆಗೊದ ಮ್ಯೂಸಿಯಂನಲ್ಲಿತ್ತು. 2022ರಲ್ಲಿ ಅದು ಗುಜರಿಗೆ ಹೋಯಿತು.

ಮತ್ತೆ ಷಿಕಾಗೋಗೆ ಬರೋಣ. ಯು-505 ಐವತ್ತು ವರ್ಷ ಬಯಲಿನಲ್ಲೇ ಹಿಮ, ಮಳೆ, ಬಿಸಿಲು ತಿಂದಿತು. ಕೊನೆಗೆ 2004ರಲ್ಲಿ ನೆಲದಡಿ ಕಟ್ಟಿದ ದೊಡ್ಡ ಸಭಾಂಗಣಕ್ಕೆ ಇಳಿಸಿದರು. 2005ರ ಜೂನ್‌ನಲ್ಲಿ ಅದು ಜನರಿಗೆ ತೆರೆಯಿತು. ಅದಕ್ಕೆ ಸ್ವಲ್ಪ ಮೊದಲು ಒಂದು ವಸ್ತು ಮನೆಗೆ ಮರಳಿತ್ತು. ನೌಕಾಪಡೆ ಹಿಂದೆ ಬಿಚ್ಚಿಕೊಂಡಿದ್ದ ಅದರ ಒಂದು ಪೆರಿಸ್ಕೋಪ್ ಕ್ಯಾಲಿಫೋರ್ನಿಯಾದ ಪಾಯಿಂಟ್ ಲೋಮಾದಲ್ಲಿದ್ದ ಆರ್ಕ್‌ಟಿಕ್ ಸಬ್‌ಮರೀನ್ ಪ್ರಯೋಗಾಲಯದ ನೀರಿನ ತೊಟ್ಟಿಯೊಂದರಲ್ಲಿ ಸಂಶೋಧನೆಗೆ ಬಳಕೆಯಾಗುತ್ತಿತ್ತು. 2003ರಲ್ಲಿ ಆ ಪ್ರಯೋಗಾಲಯವನ್ನು ಕೆಡವುವ ಮೊದಲು ಅದು ಯು-505ರದ್ದೇ ಎಂದು ಗೊತ್ತಾಯಿತು. ನೌಕಾಪಡೆ ಅದನ್ನು ಮ್ಯೂಸಿಯಂಗೆ ಕೊಟ್ಟಿತು. ಕಟ್ಟಡ ಒಡೆಯುವವರು ಒಂದು ವಾರ ಬೇಗ ಬಂದಿದ್ದರೆ ಎಂದು ಯೋಚಿಸಿದರೆ ಮೈ ಜುಂ ಎನ್ನುತ್ತದೆ.

ಇಂಥ ಅವಕಾಶಗಳು ಈಗ ಬೇರೆ ರೀತಿಯಲ್ಲಿ ಬರುತ್ತಿವೆ. ದಕ್ಷಿಣ ಕ್ಯಾರೊಲಿನಾದ ಪೇಟ್ರಿಯಟ್ಸ್ ಪಾಯಿಂಟ್‌ನಲ್ಲಿ 1981ರಿಂದ ಇದ್ದ ಕ್ಲಮಗೋರ್ ಎಂಬ ಸಬ್‌ಮರೀನಿನ ಕವಚ ಉಪ್ಪುನೀರಿಗೆ ಕರಗಿಹೋಗಿತ್ತು. 'ಗಪ್ಪಿ-3' ಎಂಬ ರೂಪದ ಹಡಗುಗಳಲ್ಲಿ ಉಳಿದಿದ್ದ ಕೊನೆಯದು ಅದು. ಉಳಿಸಿಕೊಳ್ಳಲು ಬೇಕಾದ ಹಣ ಸಿಗಲಿಲ್ಲ. 2022ರಲ್ಲಿ ಅದನ್ನು ವರ್ಜೀನಿಯಾಕ್ಕೆ ಎಳೆದುಕೊಂಡು ಹೋಗಿ ಒಡೆದರು. ಅದರಲ್ಲಿ ಸೇವೆ ಮಾಡಿದ ಹಳೆಯ ನಾವಿಕರಿಗೆ ಇದು ನುಂಗಲಾಗದ ತುತ್ತು. ಆದರೆ ಹಡಗು ಮೂಲತಃ ಪಂಪಾನಿಟೊದ್ದೇ ವರ್ಗ, ಬಾಲಾವೋ ವರ್ಗದ್ದು. ಅದರ ಎಷ್ಟೋ ವಾಲ್ವು, ಬಾಗಿಲು, ಗೇಜ್‌ಗಳು ಯುದ್ಧಕಾಲದ ಅಕ್ಕತಂಗಿ ಹಡಗುಗಳಿಗೆ ಹಾಗೇ ಕೂರುತ್ತವೆ. ಒಡೆಯುವ ಮೊದಲು ಬಿಚ್ಚಿ ಉಳಿಸಿಕೊಂಡ ಭಾಗಗಳಲ್ಲಿ ಕೆಲವು ಬೇರೆ ಮ್ಯೂಸಿಯಂ ಸಬ್‌ಮರೀನ್‌ಗಳ ಖಾಲಿ ಬ್ರಾಕೆಟ್‌ಗಳಿಗೆ ಹೋದವು.